ಬಿಲ್ಲಿನೊಳಗಿನ ಬೆಕ್ಕು

“ಅವಳಿಗೆ ಹೇಳಿ ಸಾರ್, ನಾನು ಬರೆದಿದ್ದರ ಮೇಲೆ ಬರೀಬೇಡ ಅಂತ.” ಆ ಅಕ್ಕ-ತಮ್ಮಂದಿರಲ್ಲಿ ತಮ್ಮ ಇದನ್ನು ನನಗೆ ಹೇಳುವಾಗ, ಅಕ್ಕ ಅಲ್ಲೇ ಪಕ್ಕದಲ್ಲಿ ಇನ್ನೊಂದು ಕಂಪ್ಯೂಟರಿನ ಮುಂದೆ ಕೂತಿದ್ದರು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಇಬ್ಬರೂ ಸೇರಿ ಅಂಗಡಿಗಳಿಗೆ ಬಿಲ್ಲಿನ ಪ್ರೋಗ್ರಾಂ ಬರೆಯುತ್ತಿದ್ದರು. ಮನೆ ಪಾಲಾದ ಮೇಲೆ ಮಾತು ಬಿಟ್ಟಿದ್ದರು. ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳಿಸದಂತೆ ಕಾಯುವ ವರ್ಷನ್ ಕಂಟ್ರೋಲ್ ಸಾಫ್ಟ್‌ವೇರ್ ಆರಿಸಿ, ಆ ದಪ್ಪ ಮಾನಿಟರಿನ ಕಂಪ್ಯೂಟರ್‌ಗಳಿಗೆ ಹಾಕಿಕೊಡಲು ನಾನು ಶಿವಮೊಗ್ಗದಿಂದ ಹೋಗಿದ್ದೆ.

ಹಾಕಿದ ಮೇಲೆ ಪರೀಕ್ಷೆ ಮಾಡಬೇಕಲ್ಲ. “ಇಬ್ಬರೂ ಬಿಲ್ಲಿನ ಪ್ರೋಗ್ರಾಂನ ಇದೇ ಸಾಲಿನಲ್ಲಿ ಮನಸ್ಸಿಗೆ ಬಂದ ಒಂದು ಹೆಸರು ಬರೀರಿ. ಎರಡೂ ಬೇರೆ ಬೇರೆ ಆದ್ರೆ ತಡೆದು ನಿಲ್ಲಿಸುತ್ತೆ,” ಎಂದೆ. ಅದು ತಡೆಯಲಿಲ್ಲ. ನನ್ನದೇ ತಪ್ಪಿರಬೇಕೆಂದು ಎರಡೂ ಪರದೆ ನೋಡಿದೆ. ಎರಡರಲ್ಲೂ ಒಂದೇ ಹೆಸರಿತ್ತು: ಚುಕ್ಕಿ.

ಅಕ್ಕ ತಮ್ಮನ ಕಡೆ ತಿರುಗಿದರು. “ನಮ್ಮ ಬೆಕ್ಕು ನಿಂಗಿನ್ನೂ ನೆನಪಿದೆಯೇನೋ?”

“ನನ್ನ ಹಾಸಿಗೇಲೇ ಮಲಗ್ತಿತ್ತಲ್ಲಕ್ಕಾ.”

ಪರೀಕ್ಷೆಯ ಸಾಲು ಅಳಿಸಲೇ ಎಂದು ಕೇಳಿದೆ. ಇಬ್ಬರೂ ಒಟ್ಟಿಗೇ ಬೇಡ ಎಂದರು.

ಭದ್ರಾವತಿಯ ಅಂಗಡಿಗಳಲ್ಲಿ ಬಿಲ್ಲು ಹೊರಬರುವಾಗ ಈಗಲೂ ನನಗೆ ಅನಿಸುತ್ತದೆ, ಅದರ ಹಿಂದೆಲ್ಲೋ ಯಾರ ಕಣ್ಣಿಗೂ ಬೀಳದೆ ಒಂದು ಬೆಕ್ಕು ಮಲಗಿದೆ ಎಂದು.