ನೂರು ಎಂಎಲ್ ಏಲಕ್ಕಿ

ಅಮ್ಮ ಮಂಡ್ಯದಿಂದ ಬರಲು ಇನ್ನು ಆರು ವಾರ ಇದೆ ಎನ್ನುವಾಗ ನಾನು ಸಿಗರೇಟು ಬಿಡಲು ತೀರ್ಮಾನಿಸಿದೆ. ಹಿಂದಿನ ಸಲ ಅವಳು ಇಲ್ಲಿದ್ದ ಮೂರು ತಿಂಗಳೂ ಕಸ ಹಾಕುವ ನೆಪದಲ್ಲಿ ದಿನಕ್ಕೆ ಆರು ಸಲ ಅಪಾರ್ಟ್‌ಮೆಂಟಿನಿಂದ ಕೆಳಗಿಳಿದು, ಬಾಯಿಗೆ ಏಲಕ್ಕಿ ಎಸೆದುಕೊಂಡು ಮೇಲೆ ಬರುತ್ತಿದ್ದೆ. ವಾಸನೆ ತಿಳಿದೀತೆಂದು ಅವಳಿಂದ ಒಂದು ಮಾರು ದೂರವೇ ಕೂರುತ್ತಿದ್ದೆ. ಈ ಸಲ ವಿಮಾನ ನಿಲ್ದಾಣದಲ್ಲಿ ಅವಳನ್ನು ಹೆದರದೆ ತಬ್ಬಿಕೊಳ್ಳಬೇಕಿತ್ತು. ನನಗಿದ್ದದ್ದು ಅದೊಂದೇ ಆಸೆ.

ಉಪಾಯವಾಗಿ, ಹೊಗೆಯ ಬದಲು ಆವಿ ಎಳೆಯುವ ವೇಪ್ ಹಿಡಿದೆ. ಅದಕ್ಕೆ ಹಾಕುವ ದ್ರವವನ್ನು ನಾನೇ ಬೆರೆಸಿಕೊಂಡು, ಎರಡು ವಾರಕ್ಕೊಮ್ಮೆ ನಿಕೋಟಿನ್ ಇಳಿಸುತ್ತ ಸೊನ್ನೆಗೆ ತರುವುದು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಹದಿನೈದು ವರ್ಷದಿಂದ ಅದಕ್ಕಿದು ಇಷ್ಟು, ಇದಕ್ಕದು ಅಷ್ಟು ಎಂದು ಬೆರೆಸಿಯೇ ಅನ್ನ ತಿನ್ನುತ್ತಿರುವವಳು ನಾನು. ಗಂಡನ ಮುಂದೆ ಲ್ಯಾಪ್‌ಟಾಪ್ ತೆರೆದು ಲೆಕ್ಕ ಒಪ್ಪಿಸಿದೆ. ನೂರು ಎಂಎಲ್ ಬಾಟಲಿಗೆ ಗ್ಲಿಸರಿನ್ ಎಪ್ಪತ್ತು, ಗ್ಲೈಕಾಲ್ ಹದಿನಾರು, ಏಲಕ್ಕಿ ಫ್ಲೇವರ್ ಎಂಟು, ನಿಕೋಟಿನ್ ದ್ರಾವಣ ಆರು.

"ಉಪ್ಪಿಟ್ಟಿಗೆ ನೀರೆಷ್ಟು ಅಂತ ಇವತ್ತಿಗೂ ನನ್ನನ್ನ ಕೇಳ್ತೀಯ," ಅಂದ ಅವನು.

"ಉಪ್ಪಿಟ್ಟಿಗೆ ಫಾರ್ಮುಲಾ ಇಲ್ಲ. ಇದಕ್ಕಿದೆ," ಅಂದೆ ಜಂಬದಿಂದ.

ಭಾನುವಾರ ಬೆಳಿಗ್ಗೆ ಕೈಗವಸು ತೊಟ್ಟು ಬಾಲ್ಕನಿಯಲ್ಲಿ ಕೂತು ಬೆರೆಸಿದೆ. ಲ್ಯಾಬಿನವರಿಗೊಂದು ಮಡಿ ಇದೆ. ಮೂಲ ಬಾಟಲಿಯನ್ನು ಪದೇ ಪದೇ ಮುಟ್ಟಬಾರದು. ಅದರಿಂದ ಸ್ವಲ್ಪ ತೆಗೆದು, ಹತ್ತರಷ್ಟು ತೆಳು ಮಾಡಿ, ಬೇರೆ ಬಾಟಲಿಯಲ್ಲಿಟ್ಟು, ದಿನನಿತ್ಯಕ್ಕೆ ಅದನ್ನೇ ಬಳಸಬೇಕು. ನನ್ನ ಕೈಗಳು ಯಾರನ್ನೂ ಕೇಳದೆ ನಿಕೋಟಿನ್ ದ್ರಾವಣಕ್ಕೂ ಹಾಗೇ ಮಾಡಿದವು. ಚೀಟಿ ಬರೆದು ಅಂಟಿಸಿಯೂ ಬಿಟ್ಟವು.

ಮೊದಲ ವಾರ ನರಕ. ತಲೆನೋವು, ಸಿಡುಕು. ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗುವಾಗ ಫ್ರೀವೇಯ ಪ್ರತಿ ಕಾರಿಗೂ ಬೈದೆ; ಪ್ರಸಾದದ ಪುಳಿಯೋಗರೆಯಲ್ಲೂ ತಪ್ಪು ಹುಡುಕಿದೆ. ಇದೆಲ್ಲ ಆಫೀಸಿನ ಮೀಟಿಂಗುಗಳ ಪ್ರತಾಪ ಎಂದುಕೊಂಡೆ. ಮೂರನೇ ವಾರಕ್ಕೆ ಹಗುರಾದೆ. ಆರರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ ಇಳಿದದ್ದು ಗೊತ್ತೇ ಆಗಲಿಲ್ಲ. ನನ್ನ ಗಣಿತವನ್ನು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಂಡೆ.

ಅಮ್ಮ ಬರುವ ದಿನ ಸೊನ್ನೆಗೆ ಇಳಿಯಬೇಕಿತ್ತು. ಬೆಳಿಗ್ಗೆ ಎದ್ದಾಗ ಧೈರ್ಯ ಸಾಲಲಿಲ್ಲ. ನಿಕೋಟಿನ್ ಇಲ್ಲದೆ ನಾನು ಬದುಕುವವಳೇ ಅಲ್ಲ ಎನಿಸಿತು. ಎರಡರ ಇನ್ನೊಂದು ಬಾಟಲಿ ಬೆರೆಸಿ ಲ್ಯಾಬಿನ ಬ್ಯಾಗಿನಲ್ಲಿ ಬಚ್ಚಿಟ್ಟುಕೊಳ್ಳೋಣವೆಂದು ಬಾಟಲಿಗಳ ಡಬ್ಬ ತೆರೆದೆ. ಮತ್ತೆ ಕಸದ ನೆಪ, ಮತ್ತೆ ಒಂದು ಮಾರು ದೂರ. ಅಳು ಬಂತು.

ಆಗ ಮೂಲ ಬಾಟಲಿ ಕಣ್ಣಿಗೆ ಬಿತ್ತು. ಅದು ಕತ್ತಿನವರೆಗೂ ತುಂಬಿಯೇ ಇತ್ತು. ಪಕ್ಕದ ಬಾಟಲಿಯ ಮೇಲೆ ನನ್ನದೇ ಅಕ್ಷರದಲ್ಲಿ 'ಹತ್ತರಷ್ಟು ತೆಳು' ಎಂದಿತ್ತು. ಲ್ಯಾಪ್‌ಟಾಪಿನ ಲೆಕ್ಕವೋ, ಮೂಲ ಬಾಟಲಿಯದು; ನಾನು ಇಷ್ಟು ದಿನ ಬೆರೆಸಿದ್ದು ಈ ತೆಳು ಬಾಟಲಿಯಿಂದ. ಅಂದರೆ ನಾನು ಆರು ಎಂದುಕೊಂಡು ಎಳೆದದ್ದು ಒಂದೂ ಅಲ್ಲ, ಒಂದರ ಅರ್ಧಕ್ಕಿಂತ ಚೂರು ಹೆಚ್ಚು. ಎರಡು ಎಂದುಕೊಂಡದ್ದು ಲೆಕ್ಕಕ್ಕೇ ಇಲ್ಲದಷ್ಟು. ಬಿಡಲಾರೆ ಎಂದು ಅಳುತ್ತಿದ್ದ ನಾನು ಯಾವಾಗಲೋ ಬಿಟ್ಟಾಗಿತ್ತು.

ಬಾಲ್ಕನಿಯ ನೆಲದ ಮೇಲೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಏನಾಯಿತೆಂದು ಓಡಿಬಂದ ಗಂಡ ಲೆಕ್ಕ ಕೇಳಿ ಅಂದ, "ಇದನ್ನ ಲ್ಯಾಬಲ್ಲಿ ಯಾರಿಗೂ ಹೇಳ್ಬೇಡ. ಕೆಲಸ ಹೋಗತ್ತೆ." ಅವನಿಗೆ ಮುತ್ತು ಕೊಟ್ಟು, ವೇಪನ್ನು ಮನೆಯಲ್ಲೇ ಬಿಟ್ಟು, ಕಾರಿನ ಕೀಲಿ ಕಸಿದುಕೊಂಡು ಹೊರಟೆ. ದಾರಿಯುದ್ದಕ್ಕೂ ಒಂದು ಕಾರಿಗೂ ಬೈಯಲಿಲ್ಲ.

ಅಮ್ಮ ಟ್ರಾಲಿ ತಳ್ಳಿಕೊಂಡು ಹೊರಬಂದಳು. ಓಡಿಹೋಗಿ ಬಿಗಿಯಾಗಿ ತಬ್ಬಿಕೊಂಡೆ. ಅವಳು ನನ್ನ ಕೂದಲಲ್ಲಿ ಮೂಗಿಟ್ಟು ಉದ್ದಕ್ಕೆ ಉಸಿರೆಳೆದಳು.

"ಬರೀ ಏಲಕ್ಕಿ," ಅಂದಳು. "ಹೋದ ಸಲ ಅದ್ರ ಅಡೀಲಿ ಸಿಗರೇಟೂ ಇತ್ತಲ್ಲ, ಬುಟ್ಬುಟ್ಟಾ?"