ಮನೆದೇವರು ಯಾವುದು ಎಂದು ಕೇಳುವ ಊರುಗಳು

ಕಲಬುರಗಿಯಲ್ಲಿ ನಾವು ಮೂರನೇ ಮಹಡಿಯಲ್ಲಿದ್ದೆವು. ಬೇಸಿಗೆಯ ಮಧ್ಯಾಹ್ನ ಗೋಡೆಗೆ ಬೆನ್ನು ಕೊಟ್ಟರೆ ಕಾದ ಹಂಚಿಗೆ ಕೊಟ್ಟಂತೆ. ನಾನು ಒಂದು ಕಚೇರಿಯಲ್ಲಿ, ನಮ್ಮವರು ಒಂದು ಬ್ಯಾಂಕಿನಲ್ಲಿ. ಮದುವೆಯಾದಾಗಿನಿಂದ ನಾನು ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. ನೆಲಕ್ಕೆ ಹತ್ತಿದ ಒಂದು ಮನೆ, ಮುಂದೆ ಅಂಗಳ, ಅಂಗಳದಲ್ಲಿ ಒಂದು ಗಿಡ. ಇಷ್ಟೇ.

"ಕಲಬುರಗ್ಯಾಗ ಅಂಗಳ ಬೇಕಂದ್ರ ಇಲೆಕ್ಷನ್‌ಗೆ ನಿಂದ್ರಬೇಕಾಗ್ತದ ನೋಡು," ಅನ್ನುತ್ತಿದ್ದರು ನಮ್ಮವರು.

ನಮ್ಮ ಕಚೇರಿಗೆ ಆಳಂದದಿಂದ, ಅಫಜಲಪುರದಿಂದ, ಜೇವರ್ಗಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರಿದ್ದರು. ಸಂಜೆ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಕರವಸ್ತ್ರ ಎಸೆದು ಸೀಟು ಹಿಡಿಯುವ ಜನ. ರಸ್ತೆಯನ್ನೂ ಡ್ರೈವರನನ್ನೂ ಬೈಯದ ದಿನವಿಲ್ಲ. ಆದರೆ ಸುಗ್ಗಿಯಲ್ಲಿ ಡಬ್ಬಿ ತೆರೆದರೆ ಸುಟ್ಟ ಎಳೆಜೋಳದ ಸೀತನಿ, ಹಸಿ ಕಡಲೆ, ಮನೆಯ ಮುಂದಿನ ಗಿಡದ ಪೇರಲ. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಅವರು ಬಂದು ಹೋಗುವುದಾದರೆ ನಮಗೇನು ಕಾಲಿಲ್ಲವೇ ಎಂದು ಭಾನುವಾರಗಳಂದು ಆ ಊರುಗಳಲ್ಲಿ ಬಾಡಿಗೆ ಮನೆ ನೋಡಲು ಹೊರಟೆವು.

ಮೊದಲು ಆಳಂದ. ಊರು ನನಗೆ ಹಿಡಿಸಿಬಿಟ್ಟಿತು. ಇಕ್ಕಟ್ಟಾದ ಓಣಿಗಳು, ಕಲ್ಲಿನ ಕಮಾನು, ಚಹಾದಂಗಡಿಯಲ್ಲಿ ಉರ್ದು, ಮರಾಠಿ, ಕನ್ನಡ ಮೂರೂ ಒಂದೇ ಕಪ್ಪಿನಲ್ಲಿ. ನೋಡಿದ ಮನೆಗೆ ಕಟ್ಟಿಗೆಯ ಕಂಬದ ಪಡಸಾಲೆ ಇತ್ತು. ಮಾಲೀಕರು ನಿವೃತ್ತರಾದವರು, ಬಹಳ ಮರ್ಯಾದಸ್ಥರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಆಮೇಲೆ ಕೇಳಿದರು:

"ನಿಮ್ಮ ಮನಿದೇವ್ರು ಯಾವುದ್ರಿ?"

ನಮ್ಮ ಕಡೆ ಜಾತಿಯನ್ನು ಯಾರೂ ಮುಖದ ಮೇಲೆ ಕೇಳುವುದಿಲ್ಲ. ಹಾಗೆ ಕೇಳುವುದು ಒರಟು. ಮನೆದೇವರನ್ನು ಕೇಳುತ್ತಾರೆ. ದೇವರ ಹೆಸರು ಗೊತ್ತಾದರೆ ಒಕ್ಕಲು ಗೊತ್ತಾಗುತ್ತದೆ, ಒಕ್ಕಲು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಗೊತ್ತಾಗುತ್ತದೆ. ಕೇಳಿದವರ ಕೈಗೂ ಹೊಲಸು ಹತ್ತುವುದಿಲ್ಲ.

"ನಾವು ಮನ್ಯಾಗ ಬುದ್ಧನ್ನ ಇಟ್ಟೇವ್ರಿ," ಅಂದೆ ನಾನು.

ಬುದ್ಧ ಅಂದರೆ ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ನಾವು ದಲಿತರು, ನಮ್ಮ ಮಾವನವರ ಕಾಲದಲ್ಲಿ ಮನೆಯವರೆಲ್ಲ ಬೌದ್ಧರಾದವರು. ಮಾಲೀಕರು "ಒಳ್ಳೇದು, ಭಾಳ ಒಳ್ಳೇದು" ಅಂದರು. ಎರಡು ಸಲ ಒಳ್ಳೆಯದು ಅಂದಾಗಲೇ ನನಗೆ ತಿಳಿಯಿತು. ಅಷ್ಟರಲ್ಲಿ ಅವರಿಗೆ ಸೊಲ್ಲಾಪುರದ ಮಗ ನೆನಪಾದ.

"ಮಗ ಇಲ್ಲಿಗೇ ಬರಾವ ಇದ್ದಾನ್ರಿ. ನಾ ಮರ್ತೇ ಬಿಟ್ಟಿದ್ದೆ ನೋಡ್ರಿ."

ಹೆತ್ತ ಮಗನನ್ನೇ ಮರೆತಿದ್ದರು ಪಾಪ! ತಿರುಗಿ ಬರುವಾಗ ಬಸ್ಸಿನಲ್ಲಿ ನಮ್ಮವರು ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ಮೆಲ್ಲಗೆ ಅಂದರು: "ಮುಂದಿನ ಸಲ ಮಾತು ನನಗ ಬಿಡು."

ಮುಂದಿನ ಸಲ ಅಫಜಲಪುರ. ಕಬ್ಬಿನ ಲಾರಿಗಳ ಹಿಂದೆ ತೆವಳುತ್ತ ಹೋದರೂ ಒಂದೂವರೆ ತಾಸಿನೊಳಗೆ ಮುಟ್ಟುತ್ತದೆ. ಪೇಟೆ ದಾಟಿ ಒಳಗಿನ ಓಣಿಗೆ ಹೊಕ್ಕೆವು. ದೊಡ್ಡ ಅಂಗಳ, ಅಂಗಳದ ಎರಡು ಬದಿಗೆ ಎರಡು ಮನೆ, ನಡುವೆ ಬೇವಿನ ಗಿಡ. ಗಿಡದ ಸುತ್ತ ಫರಸಿಕಲ್ಲಿನ ಕಟ್ಟೆ. ಒಂದು ಮನೆಯಲ್ಲಿ ಮಾಲೀಕಳು, ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಹೊಲದ ಮನೆಯಲ್ಲಿರುವುದೇ ಹೆಚ್ಚು. ಇನ್ನೊಂದು ಮನೆ ಖಾಲಿ. ನಾನು ಕಟ್ಟೆಯ ಮೇಲೆ ಕೂತೆ. ಕೂತಲ್ಲಿಂದ ಏಳಲು ಮನಸ್ಸೇ ಆಗಲಿಲ್ಲ. ಇದೇ ನನ್ನ ಮನೆ ಅನ್ನಿಸಿತು.

ಪ್ರಶ್ನೆ ಬಂತು. ನಮ್ಮವರು ತಡವರಿಸದೆ ಹೇಳಿದರು: "ಘತ್ತರಗಿ ಭಾಗ್ಯವಂತಿ ರಿ."

ಪೂರ್ತಿ ಸುಳ್ಳೂ ಅಲ್ಲ. ಅವರ ಅಜ್ಜಿ ಭೀಮಾ ನದಿಯಲ್ಲಿ ಮಿಂದು ಘತ್ತರಗಿಯ ಗುಡಿಗೆ ನಡೆದುಕೊಳ್ಳುತ್ತಿದ್ದಳು. ಆ ದೇವಿಗೆ ಎಲ್ಲ ಜಾತಿಯ ಒಕ್ಕಲೂ ಉಂಟು, ಆದ್ದರಿಂದ ಕೇಳಿದವರಿಗೆ ಏನೂ ಗೊತ್ತಾಗುವುದಿಲ್ಲ. ಅವರ ಲೆಕ್ಕಾಚಾರ ಅದು. ಆದರೆ ಲೆಕ್ಕ ಬೇರೆ ಕಡೆ ತಪ್ಪಿತು.

"ಅಯ್ಯ, ನಮ್ದೂ ಅದೇ ಅಲ್ಲೇನ್ರಿ!" ಆಕೆ ಎರಡೂ ಕೈ ಬಡಿದಳು. "ಒಂದೇ ಮನಿದೇವ್ರು ಅಂದ್ರ ನೀ ನನಗ ಅಣ್ಣ ಆದಿ, ಈಕಿ ವೈನಿ ಆದ್ಳು. ಬರ್ರಿ, ಒಳಗ ಬರ್ರಿ. ಅಣ್ಣ ಬಂದಾನ, ಬರೀ ಚಾ ಕುಡಿಸಿ ಕಳಿಸ್ಲೇನು?"

ಅಡುಗೆಮನೆಯಲ್ಲೇ ಕೂಡಿಸಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ನಂಜಿಕೊಳ್ಳಲು ಶೇಂಗಾ ಹಿಂಡಿ. ಬೇಡ ಅಂದರೂ ಬೆಣ್ಣೆ. ನಮ್ಮವರು ತಂಗಿಯ ಮನೆಗೆ ಬಂದವರಂತೆ ಹರಟುತ್ತ ಉಂಡರು. ನಾನು ರೊಟ್ಟಿ ಮುರಿಯುತ್ತ ಕೂತೆ. ಆಕೆಯ ಮೇಲೆ ಸಿಟ್ಟು ಬರಲಿಲ್ಲ, ಅದೇ ಕಷ್ಟ. ಇಷ್ಟು ಪ್ರೀತಿಯನ್ನು ಬೇರೆ ಯಾರದೋ ವಿಳಾಸಕ್ಕೆ ಬಂದ ಪಾರ್ಸೆಲ್ಲು ಬಿಚ್ಚಿದಂತೆ ಉಣ್ಣುತ್ತಿದ್ದೆ.

ಊಟವಾದ ಮೇಲೆ ಖಾಲಿ ಮನೆ ತೋರಿಸಿದಳು. ಒಳಗಿನ ಕೋಣೆಯಲ್ಲಿ ಕಲ್ಲಿನ ದೇವರ ಜಗಲಿ. ಅದನ್ನು ಸೆರಗಿನಿಂದ ಒರೆಸಿ, "ಇಲ್ಲಿ ಭಾಗ್ಯವಂತಿ ಅವ್ವನ್ನ ಇಡ್ರಿ ವೈನಿ," ಅಂದಳು.

ನಮ್ಮವರು ನನ್ನ ಕಾಲು ಮೆಟ್ಟಿದರು. ಮೆಟ್ಟಲಿ.

"ಇಲ್ಲಿ ಬುದ್ಧನ್ನ ಇಡ್ತೇವ್ರಿ ಅಕ್ಕಾರ. ಭಾಗ್ಯವಂತಿ ಇವರ ಅಜ್ಜಿ ಕಾಲಕ್ಕ ಇದ್ಳು. ಈಗ ನಾವು ಬೌದ್ಧರು."

ಆಕೆ ನನ್ನನ್ನು ನೋಡಲಿಲ್ಲ, ನಮ್ಮವರನ್ನು ನೋಡಿದಳು. "ಹೌದೇನಣ್ಣ?"

"ಹೌದ್ರಿ ಅಕ್ಕಾರ." ಅವರ ಮುಖ ಹುಳ್ಳಗಾಗಿತ್ತು.

ಆಕೆ ಜಗಲಿಯ ಮುಂದೆ ನೆಲಕ್ಕೇ ಕೂತುಬಿಟ್ಟಳು. ಸ್ವಲ್ಪ ಹೊತ್ತು ಸೆರಗು ತಿರುವಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ.

"ಮನಿ ಕೊಡ್ತೇನಿ. ನನಗೇನಿಲ್ಲ. ಓಣ್ಯಾಗ ಯಾರರ ಕೇಳಿದ್ರ ಭಾಗ್ಯವಂತಿ ಅಂತನೇ ಹೇಳ್ರಿ, ಸಾಕು. ನಾ ಎಲ್ಲಾರ ಕೂಡ ಬಾಳೇ ಮಾಡ್ಬೇಕಲ್ರಿ."

"ಆಗಂಗಿಲ್ರಿ," ಅಂದೆ.

ತಿರುಗಿ ಬರುವಾಗ ಬಸ್ಸು ಚೌಡಾಪುರ ದಾಟಿತು. ನಮ್ಮವರು ಅಂದರು: "ಬ್ಯಾವಿನ ಗಿಡದ ಕೆಳಗ ಸುಮ್ನ ಕುಂದ್ರಬಹುದಿತ್ತು."

"ಕುಂದ್ರಾಕ ಬರ್ತಿತ್ತು. ಯಾರರ ಬಂದ್ರ ಎದ್ದು ಓಡಿ ಬುದ್ಧ ಕಾಣದಂಗ ಒಳಗಿನ ಬಾಗಲಾ ಹಾಕ್ಬೇಕಾಗ್ತಿತ್ತು. ಅದು ನನ್ನಿಂದಾಗಂಗಿಲ್ಲ."

ಉಳಿದದ್ದು ಜೇವರ್ಗಿ. ದೊಡ್ಡ ರಸ್ತೆಯ ಪಕ್ಕದಲ್ಲೇ ಹೊಸ ಕಾಂಕ್ರೀಟು ಮನೆ. ಮಾಲೀಕ ಟೈರಿನಂಗಡಿಯವನು, ಏನೂ ಕೇಳಲಿಲ್ಲ. ಕೇಳದಿದ್ದರೂ ನಾನೇ ಹೇಳಿದೆ. ಅಷ್ಟೊತ್ತಿಗೆ ನನಗೆ ಅದೊಂದು ಚಟವಾಗಿತ್ತು.

"ಯಾವ ದೇವ್ರನ್ನರ ಇಟ್ಕೋರಿ ಅಕ್ಕಾ, ಬೋರಿನ ಮೋಟರ್ ಒಂದು ಸುಡಬ್ಯಾಡ್ರಿ," ಅಂದ.

ಅವನ ಕಾಲು ಮುಟ್ಟಬೇಕೆನ್ನಿಸಿತು. ಆದರೆ ಮನೆಯೊಳಗೆ ನಿಂತರೆ ವಿಜಯಪುರದ ಲಾರಿಗಳು ಎದೆಯ ಮೇಲೇ ಹೋದಂತಾಗುತ್ತಿತ್ತು. ಅಂಗಳವೆಂದರೆ ಮೋಟಾರು ಸೈಕಲ್ಲು ನಿಲ್ಲುವಷ್ಟು ಸಿಮೆಂಟು. ನಮ್ಮವರು ಅದನ್ನೇ ಹಿಡಿಯೋಣ ಅಂದರು. ನಾನು ಹೂಂ ಅಂದೆ. ಮನೆಗೆ ಬಂದು ಅತ್ತುಬಿಟ್ಟೆ. ನನಗೆ ಬೇವಿನ ನೆರಳೂ ಬೇಕು, ನನ್ನ ಬುದ್ಧನೂ ಬೇಕು. ಒಂದು ಬೇಕಾದರೆ ಇನ್ನೊಂದನ್ನು ಬಿಡು ಎನ್ನಲು ಇವರೆಲ್ಲ ಯಾರು?

ಆ ವಾರವೇ ಅಫಜಲಪುರದಿಂದ ಫೋನ್ ಬಂತು.

"ಮನಿ ಇನ್ನಾ ಖಾಲಿ ಅದ. ಬರ್ರಿ. ನಿಮ್ಮ ದೇವ್ರನ್ನೇ ಇಡ್ರಿ."

"ಓಣ್ಯಾಗ ಕೇಳಿದ್ರ ಏನ್ ಹೇಳ್ಬೇಕ್ರಿ?"

ಆ ಕಡೆ ಎಮ್ಮೆ ಕೂಗಿದ್ದು ಕೇಳಿತು.

"ನೀವೇ ಹೇಳ್ರಿ," ಅಂದಳು ಕಡೆಗೆ. "ನನಗ ಹೇಳಾಕ ಬಾಯಿ ಬರಂಗಿಲ್ಲ."

ಜೇವರ್ಗಿಯವನಿಗೆ ಬೇಡವೆಂದು ಹೇಳಿ ಹೋದೆವು. ಬುದ್ಧನನ್ನು ಜಗಲಿಯ ಮೇಲಿಟ್ಟು, ಬಾಗಿಲು ಪೂರ್ತಿ ತೆರೆದು ಹಾಲು ಉಕ್ಕಿಸಿದೆ. ಹೊಸಬರನ್ನು ನೋಡಲು ಓಣಿಯ ಹೆಂಗಸರು ಅಂಗಳಕ್ಕೆ ಬಂದಿದ್ದರು. ಒಬ್ಬಾಕೆ ಕೇಳಿಯೇ ಕೇಳಿದಳು. ನಾನು ಹೇಳಿದೆ. ಮಾಲೀಕಳು ಬೇವಿನ ಕಟ್ಟೆಯ ಹತ್ತಿರ ನೆಲ ನೋಡುತ್ತ ನಿಂತಿದ್ದಳು. ನಾನು ಹಾಲಿನ ಲೋಟಗಳ ತಾಟು ಹಿಡಿದು ಹೊರಗೆ ಬರುವಷ್ಟರಲ್ಲಿ ಒಬ್ಬಳಿಗೆ ಒಲೆಯ ಮೇಲಿನ ಬೇಳೆ ನೆನಪಾಯಿತು, ಇನ್ನೊಬ್ಬಳಿಗೆ ಉಪವಾಸ. ಉಪವಾಸಕ್ಕೆ ಹಾಲು ನಡೆಯುತ್ತದೆಂಬುದು ಮಾತ್ರ ನೆನಪಾಗಲಿಲ್ಲ. ಎಲ್ಲರೂ ಹಿಂದೆ ಸರಿದರು, ಆದರೆ ಹೋಗಲಿಲ್ಲ. ಓಣಿಯ ಬಾಗಿಲಲ್ಲಿ ನಿಂತು ನೋಡತೊಡಗಿದರು.

ನಾನು ತಾಟು ಹಿಡಿದು ಅಲ್ಲೇ ನಿಂತೆ. ಮಾಲೀಕಳು ಬಂದು ಒಂದು ಲೋಟ ತೆಗೆದುಕೊಂಡಳು. ಲೋಟದೊಳಗೆ ಒಮ್ಮೆ ನೋಡಿ, ಕಷಾಯ ಕುಡಿಯುವವರ ಹಾಗೆ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದಳು. ಬಾಯಿ ಒರೆಸಿಕೊಂಡಳು. ಆಮೇಲೆ, ಓಣಿಯ ತನಕ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

"ಸಕ್ರಿ ಕಮ್ಮಿ ಆಗ್ಯಾದ. ಇನ್ನೊಂದೀಟು ಹಾಕ್ರಿ."