ಹೌಸಾಬಾಯಿ ಮಾವಶಿಯ ಅಂಜಿಕೆ

ಕೇರಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಆಗಿದ್ದ ಹೌಸಾಬಾಯಿ ಸಭೆಯಲ್ಲಿ ಕೂತರೆಂದರೆ ಮೊದಲು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಳ್ಳುತ್ತಿದ್ದರು. ಮಾತು ಮುಗಿಯುವವರೆಗೆ ಹೊರಗೆ ತೆಗೆಯುತ್ತಿರಲಿಲ್ಲ. ಮೊದಲ ಸಲ ನೋಡಿದಾಗ ಚಳಿಯಾಗಿರಬೇಕು ಅಂದುಕೊಂಡೆ. ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದರು: "ನಡಗತಾವ್ರಿ ಅಕ್ಕಾರ. ಅಂಜಿಕಿ. ಹಿಂಗ ಮ್ಯಾಲ ಕುಂತ್ರ ಸುಮ್ಮ ಇರತಾವು."

ನಾನು ಚಿಕ್ಕೋಡಿಯ ಒಂದು ಸಣ್ಣ ಸಂಸ್ಥೆಯ ಕಾರ್ಯಕರ್ತೆ. ಬೇಡಕಿಹಾಳದ ಆಚೆಗಿನ ಒಂದೂರಿನ ಕೇರಿಯ ಹೆಣ್ಣುಮಕ್ಕಳ ಸಂಘ ನನ್ನ ಪಾಲಿಗೆ ಬಂದಿತ್ತು. ಬಡತನದ ವಿರುದ್ಧ ಕೆಲಸ ಮಾಡುವವರು ಪಾಲಿಸಬೇಕಾದ ತತ್ವಗಳನ್ನು ನಮ್ಮ ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಜನರೇ ಮುಂದಾಗಬೇಕು, ಕಟ್ಟಕಡೆಯವರ ಮಾತು ಮೊದಲು ಕೇಳಬೇಕು, ಇತ್ಯಾದಿ. ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ನಾನು, ಸಂಘದ ಮುಂದಾಳು ಎಂದರೆ ಗಟ್ಟಿ ಗಂಟಲಿನ ಹೆಂಗಸು ಎಂದು ಎಣಿಸಿದ್ದೆ. ಸಿಕ್ಕವರು ಈ ಮಾವಶಿ, ಹಲ್ಲಿ ಲೊಚಗುಟ್ಟಿದರೂ ಎದೆ ಮುಟ್ಟಿಕೊಳ್ಳುವವರು. ಇವರನ್ನು ಕಟ್ಟಿಕೊಂಡು ಏನು ಹೋರಾಟ ಮಾಡುವುದು ಎಂದು ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಿಟ್ಟೇ ಬಂದಿತ್ತು.

ಆ ಕೇರಿಯಲ್ಲಿ ಇದ್ದದ್ದು ದಾರಿಯ ತಂಟೆ. ಕೇರಿಯಿಂದ ಬಸ್ಸು ನಿಲ್ಲುವ ರಸ್ತೆಗೆ ಹೋಗಬೇಕಾದರೆ ಊರಿನ ಸಾವಕಾರರ ಕಬ್ಬಿನ ನಡುವೆ ಹಾಯಬೇಕು. ಹಿಂದೆ ಅದು ಗಾಡಿದಾರಿ. ಸಾವಕಾರರು ವರ್ಷವರ್ಷವೂ ಇಷ್ಟಿಷ್ಟೇ ನೇಗಿಲು ಹಾಯಿಸಿ, ಕಡೆಗೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಬದು ಉಳಿಸಿದ್ದರು. ಕಬ್ಬು ಎತ್ತರವಾದ ಮೇಲೆ ಅಲ್ಲಿ ಹಾಡಹಗಲಲ್ಲೂ ಆಕಾಶದ ಒಂದು ಸೀಳು ಮಾತ್ರ ಕಾಣುತ್ತದೆ. ಒಂದು ದಿನ ಹೈಸ್ಕೂಲಿನ ಹುಡುಗಿಯರು ಸಂಜೆ ಬರುವಾಗ ಪಕ್ಕದ ಕಬ್ಬಿನೊಳಗೆ ಏನೋ ಅವರ ಜೊತೆಜೊತೆಗೇ ನಡೆದುಬಂತು. ಇವರು ನಿಂತರೆ ಅದೂ ನಿಂತಿತು. ಹಂದಿಯೋ, ಚಿರತೆಯೋ, ಮನುಷ್ಯನೋ ಯಾರಿಗೂ ಗೊತ್ತಿಲ್ಲ. ಮರುದಿನದಿಂದ ಯಾವ ಹುಡುಗಿಯೂ ಶಾಲೆಗೆ ಹೋಗಲಿಲ್ಲ. ಇಬ್ಬರ ಮನೆಯಲ್ಲಿ ಗಂಡು ಹುಡುಕುವ ಮಾತೂ ಶುರುವಾಯಿತು.

ತಹಶೀಲ್ದಾರರಿಗೆ ಅರ್ಜಿ ಕೊಡೋಣ, ನಾಳೆಯೇ ಹೋಗೋಣ ಎಂದು ನಾನು ಕುಣಿದೆ. ಕೇರಿಯ ಬುದ್ಧವಿಹಾರದಲ್ಲಿ ಹೆಂಗಸರೆಲ್ಲ ಸೇರಿದ್ದರು. ಮಾವಶಿ ಕೈ ಮೇಲೆ ಕೂತು ಅಂದರು, "ಅರ್ಜಿ ಆಮ್ಯಾಲ. ಮೊದಲ ಒಬ್ಬೊಬ್ರ ಅಂಜಿಕಿ ಹೇಳ್ರಿ."

ಇದು ಅವರ ಪದ್ಧತಿ. ಯಾವ ಕೆಲಸಕ್ಕೂ ಮುಂಚೆ ಎಲ್ಲರೂ ತಮ್ಮ ಹೆದರಿಕೆಯನ್ನು ಬಾಯಿಬಿಟ್ಟು ಹೇಳಬೇಕು. ಯಾರೂ ನಗುವಂತಿಲ್ಲ, ಧೈರ್ಯ ಹೇಳುವಂತಿಲ್ಲ. ಒಬ್ಬಳು, ಸಾವಕಾರರು ಕೆಲಸಕ್ಕೆ ಕರೆಯುವುದಿಲ್ಲ ಅಂದಳು. ಇನ್ನೊಬ್ಬಳು, ಗಂಡ ಅವರ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಅವನ ಕೆಲಸ ಹೋದರೆ ಪೆಟ್ಟು ಬೀಳುವುದು ನನಗೆ ಅಂದಳು. ನನ್ನ ಸರದಿ ಬಂತು. ಆ ಸಾವಕಾರರು ನನ್ನ ಮಾವನವರಿಗೆ ಬೇಕಾದವರು, ನಮ್ಮ ಮನೆಗೆ ಬಂದು ಹೋಗುವವರು. ಆದರೂ ನನಗೇನೂ ಹೆದರಿಕೆಯಿಲ್ಲ ಅಂದೆ.

"ಹಂಗಾರ ಇವತ್ತ ನೀವು ಮಾತಾಡಬ್ಯಾಡ್ರಿ ಅಕ್ಕಾರ," ಅಂದರು ಮಾವಶಿ, ಬಹಳ ಮೆತ್ತಗೆ. "ಅಂಜಿಕಿ ಇಲ್ಲದವರಿಗಿ ಮಾತು ಸಸ್ತಾ ಬೀಳತೈತಿ."

ನನ್ನ ಮುಖ ಕೆಂಪಾಯಿತು. ಆದರೆ ಕೊನೆಯಲ್ಲಿ ಕೂತಿದ್ದ ಕಮಲವ್ವನ ಮಾತು ಕೇಳಿದ ಮೇಲೆ ಮುನಿಸು ಮರೆತುಹೋಯಿತು. ಗಂಡ ಸತ್ತ ಆಕೆ ಸಾವಕಾರರ ಜಾಗದಲ್ಲೇ ತಗಡಿನ ಮನೆ ಹಾಕಿಕೊಂಡಿದ್ದಳು. "ಅರ್ಜಿ ಹ್ವಾದ ದಿನಾನ ನನ್ನ ತಗಡ ಕಿತ್ತ ಒಗೀತಾರ. ಇಬ್ಬರ ಹೆಣ್ಣಮಕ್ಕಳನ್ನ ಕರ್ಕೊಂಡ ಎಲ್ಲಿ ಹೋಗ್ಲಿ?"

ಮಾವಶಿ ಅಷ್ಟಕ್ಕೆ ಸಭೆ ನಿಲ್ಲಿಸಿಬಿಟ್ಟರು. "ಎಲ್ಲಾರಕಿಂತ ಹೆಚ್ಚ ಕಳಕೊಳ್ಳಾಕಿ ಕಮಲಿ. ಆಕೀ ಗಂಟು ಎಲ್ಲಿ ಇಡೂದು, ಅದನ್ನ ಮೊದಲ ಹೇಳ್ರಿ. ಆಕಿ ಹೂಂ ಅನ್ನೂತನಾ ಅರ್ಜಿಗಿ ಯಾರೂ ಹೆಬ್ಬಟ್ಟ ಒತ್ತಬ್ಯಾಡ್ರಿ."

ಕಚೇರಿಯಿಂದ ನನಗೆ ಫೋನಿನ ಮೇಲೆ ಫೋನು. ಅರ್ಜಿ ಎಲ್ಲಿಗೆ ಬಂತು, ಅರ್ಜಿ ಎಲ್ಲಿಗೆ ಬಂತು. ಇಲ್ಲಿ ಹೆಂಗಸರು ಮಾವಶಿಯ ಆಡಿನ ಕೊಟ್ಟಿಗೆಗೆ ಗೋಡೆ ಕಟ್ಟುತ್ತಿದ್ದರು. ನೆಲ ಸಾರಿಸಿ, ಆಡುಗಳನ್ನು ಹೊರಗೆ ಕಟ್ಟಿ, ಕಮಲವ್ವನ ಪಾತ್ರೆಪಗಡವನ್ನು ತಲೆಯ ಮೇಲೆ ಹೊತ್ತು ತಂದರು. ಅಷ್ಟು ದಿನವೂ ಹುಡುಗಿಯರನ್ನು ಶಾಲೆಗೆ ದಾಟಿಸಲು ಪಾಳಿ ಹಚ್ಚಿದ್ದರು. ಮುಂದೆ ಒಬ್ಬಳು, ಹಿಂದೆ ಒಬ್ಬಳು, ನಡುವೆ ಹುಡುಗಿಯರು. ಮುಂದಿನವಳ ಕೈಯಲ್ಲಿ ಸ್ಟೀಲಿನ ತಾಟು ಮತ್ತು ಸೌಟು. ಬಾರಿಸುತ್ತಾ ಹೋಗಬೇಕು.

ಒಂದು ಸಂಜೆ ಹುಡುಗಿಯರನ್ನು ಕರೆತರಲು ಮಾವಶಿಯ ಜೊತೆ ನಾನೂ ಹೋದೆ. ಅರ್ಧ ಬದು ದಾಟಿದ್ದೆವು. ಎಡಗಡೆ ಕಬ್ಬಿನ ರವದಿ, ಒಣಗಿದ ಎಲೆ, ಸರಸರ ಅಂದಿತು. ನಿಂತೆವು, ಸದ್ದೂ ನಿಂತಿತು. ನಡೆದೆವು, ಅದೂ ನಡೆಯಿತು. ಹೆದರಿಕೆ ಅಂದರೆ ಏನೆಂದು ನನಗೆ ಆವತ್ತು ಗೊತ್ತಾಯಿತು. ಓಡಬೇಕೆಂದು ಕಾಲೆತ್ತಿದವಳ ಸೆರಗನ್ನು ಮಾವಶಿ ಹಿಡಿದರು. ಅವರ ಕೈ ಗಡಗಡ ನಡುಗುತ್ತಿತ್ತು, ಹಿಡಿತ ಮಾತ್ರ ಬಿಡಲಿಲ್ಲ. "ಓಡಬ್ಯಾಡ್ರಿ. ನಾವ ಓಡಿದ್ರ ನಾಳಿಂದ ಹುಡಗ್ಯಾರು ಬರೂದಿಲ್ಲ." ಆಮೇಲೆ ತಾಟು ಬಾರಿಸಲು ಶುರುಮಾಡಿದರು. ಕೈ ನಡುಗುತ್ತಿದ್ದುದರಿಂದ ಒಂದು ಪೆಟ್ಟು ಹಾಕಿದರೆ ಮೂರು ಸದ್ದು ಬರುತ್ತಿತ್ತು. ರಸ್ತೆ ಮುಟ್ಟುವ ತನಕ ನಾನು ಅವರ ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದೆ ಎಂಬುದು ಅಲ್ಲಿ ಕಾಯುತ್ತಿದ್ದ ಹುಡುಗಿಯರು ನಕ್ಕಾಗಲೇ ತಿಳಿದದ್ದು. ಕಬ್ಬಿನೊಳಗೆ ಇದ್ದದ್ದು ಏನೆಂದು ಇವತ್ತಿಗೂ ಗೊತ್ತಿಲ್ಲ.

ಕಮಲವ್ವ ಹೂಂ ಅಂದಳು. ಅರ್ಜಿ ಹೋಯಿತು. ಸರ್ವೇ ಮಾಡುವವರು ಸರಪಳಿ ತಂದ ದಿನ ಸಾವಕಾರರು ಬದುವಿನ ಬಾಯಲ್ಲಿ ಬೈಕು ಅಡ್ಡ ನಿಲ್ಲಿಸಿ ಕೂತಿದ್ದರು. ಬೈಯಲಿಲ್ಲ, ಕೂಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ಸಾವಕಾಶ ನೋಡಿ, "ಯಾರದವಾ ಇದು ಅರ್ಜಿ?" ಅಂದರು. ನನ್ನ ಮೇಲೆ ಕಣ್ಣು ಬಿದ್ದಾಗ ಸ್ವಲ್ಪ ನಕ್ಕರು. ಆ ನಗೆಗಿಂತ ಬೈಗುಳವೇ ವಾಸಿ.

ಒಬ್ಬಳ ಹೆಸರು ಮುಂದೆ ಬರಬಾರದು, ಎಲ್ಲರೂ ಕೂಡಿ "ನಮ್ಮದು" ಅನ್ನಬೇಕು ಎಂದು ವಿಹಾರದಲ್ಲಿ ಮಾತಾಗಿತ್ತು. ಆದರೆ ಎಲ್ಲರೂ ಮಾವಶಿಯ ಕಡೆ ನೋಡಿದರು. ಮಾವಶಿ ಬಾಯಿ ತೆರೆದರು. ದನಿ ಹೊರಡಲಿಲ್ಲ. ಇನ್ನೊಮ್ಮೆ ತೆರೆದರು, ಬರೀ ಉಸಿರು. ಎಲ್ಲಾ ಮುಗಿಯಿತು ಅಂದುಕೊಂಡೆ ನಾನು.

"ನಂದ್ರಿ," ಅಂದಳು ಕಮಲವ್ವ ಹಿಂದಿನಿಂದ.

ಆಮೇಲೆ ಟ್ರ್ಯಾಕ್ಟರಿನವನ ಹೆಂಡತಿ, "ನಂದೂ ಐತ್ರಿ." ಆಮೇಲೆ ಯಾರು ಯಾರದೆಂದು ತಿಳಿಯದ ಹಾಗೆ ಎಲ್ಲರ ದನಿ. ಸಾವಕಾರರು ಬೈಕು ತೆಗೆದರು.

ಮನೆಗೆ ಬಂದು ನೀರು ಕುಡಿದ ಮೇಲೆ ಮಾವಶಿಗೆ ದನಿ ಮರಳಿತು. ನಾಚಿಕೆಯಾಗಿರಬಹುದೆಂದು ನಾನು ಸಮಾಧಾನ ಹೇಳಹೋದರೆ ಅವರು ನಗುತ್ತಿದ್ದರು. "ಚಲೋ ಆತ ಬಿಡ್ರಿ. ನಾ ಅಂದಿದ್ರ ಹೌಸಾಬಾಯಿ ದಾರಿ ಆಗತಿತ್ತು. ಈಗ ಕೇರಿ ದಾರಿ ಆತು."

ಸರ್ವೇಯವರು ದಾರಿಯ ಎರಡೂ ಬದಿಗೆ ಕಲ್ಲು ನೆಟ್ಟರು. ದಾರಿ ಮತ್ತೆ ಗಾಡಿ ಹೋಗುವಷ್ಟಾಯಿತು. ಅದರ ಮುಂದಿನ ಮಳೆಗಾಲದಲ್ಲಿ ಮಾವಶಿ ಮಲಗಿದರು. ನಿಪ್ಪಾಣಿಯ ದವಾಖಾನೆಗೆ ನೋಡಲು ಹೋದಾಗ ಅವರ ಕೈಗಳು ಹೊದಿಕೆಯ ಮೇಲೆ ಇದ್ದವು. ನಡುಗುತ್ತಿರಲಿಲ್ಲ. ನಾನು ಅವನ್ನೇ ನೋಡುತ್ತ ನಿಂತೆ. ನನ್ನ ಮುಖದಲ್ಲಿದ್ದದ್ದು ಅವರಿಗೆ ಗೊತ್ತಾಯಿತು. "ಅಂಜಿಕಿ ಹೇಳ್ ತಂಗಿ," ಅಂದರು. ಅಕ್ಕಾರ ಎನ್ನದೆ ತಂಗಿ ಅಂದದ್ದು ಅದೊಂದೇ ಸಲ.

"ನೀವು ಇಲ್ಲದಂಗ ಆಗೂದರ ಅಂಜಿಕಿ, ಮಾವಶಿ."

"ಅದ ಅಂಜಿಕಿ ಅಲ್ಲ, ಅದ ಆಗೂದ ಐತಿ. ಬ್ಯಾರೆ ಹೇಳ್."

ನನಗೆ ಅಳು ಬಂತು, ಬೇರೆ ಹೇಳಲಾಗಲಿಲ್ಲ. ಅವರು ಕಣ್ಣು ಮುಚ್ಚಿಕೊಂಡರು. ಆ ವಾರವೇ ಹೋದರು.

ಈ ಸಲ ಕಬ್ಬು ಮತ್ತೆ ತಲೆಮಟ್ಟ ಬೆಳೆದಿದೆ. ಹೋದ ವಾರ ದಾರಿಯ ಕಲ್ಲೊಂದನ್ನು ಯಾರೋ ಕಿತ್ತು ಒಳಗೆ ಎಸೆದಿದ್ದರು. ಅದರ ಹಿಂದಿನ ದಿನವೇ ಸಾವಕಾರರು ನಮ್ಮ ಮನೆಗೆ ಬಂದು ಮಾವನವರ ಜೊತೆ ಚಹಾ ಕುಡಿದು, ಸೊಸೆ ಬಹಳ ತಿರುಗಾಡುತ್ತಾಳಂತಲ್ಲ ಎಂದು ಹೇಳಿ ಹೋಗಿದ್ದರು. ವಿಹಾರದಲ್ಲಿ ಸಭೆ ಸೇರಿತು. ಮಾವಶಿ ಕೂಡುತ್ತಿದ್ದ ಜಾಗವನ್ನು ಖಾಲಿ ಬಿಟ್ಟು ಎಲ್ಲರೂ ಕೂತಿದ್ದರು. ತಾಟು ಈಗ ಕಮಲವ್ವನ ತೊಡೆಯ ಮೇಲೆ ಇತ್ತು. "ಅಂಜಿಕಿ ಯಾರ ಮೊದಲ ಹೇಳತೀರಿ?" ಅಂದಳು.

ನನ್ನ ಅಂಗೈಗಳು ಆಗಲೇ ತೊಡೆಯ ಕೆಳಗೆ ಹೋಗಿದ್ದವು.

"ನಾ ಹೇಳತೀನಿ," ಅಂದೆ.